ಲಿನಕ್ಸ್‌ನಲ್ಲಿ ಪೆನ್‌ಡ್ರೈವ್‌ಗೆ ಹೆಸರಿಡುವುದು: ಫಾರ್ಮ್ಯಾಟ್ ಮಾಡದೆ, ಒಂದು ಫೈಲೂ ಕಳೆಯದೆ

ನಮ್ಮ ಮನೆಯಲ್ಲಿ ನಾಲ್ಕು ಪೆನ್‌ಡ್ರೈವ್ ಇವೆ. ನಾಲ್ಕೂ ಒಂದೇ ದಿನ ತಂದವು. ಒಂದೇ ಕಪ್ಪು ಬಣ್ಣ, ಒಂದೇ 32 ಜಿಬಿ. ಕಂಪ್ಯೂಟರ್‌ಗೆ ಹಾಕಿದರೆ ನಾಲ್ಕೂ "32 ಜಿಬಿ ವಾಲ್ಯೂಮ್" ಅಂತಲೇ ತೋರಿಸುತ್ತಿದ್ದವು. ಯಾವುದರಲ್ಲಿ ಏನಿದೆ ಅಂತ ತೆರೆದು ನೋಡಿದ ಮೇಲೇ ಗೊತ್ತಾಗುತ್ತಿತ್ತು.

ನಾಟಿ ಸಮಯದ ಒಂದು ದಿನ ಪಹಣಿ ಪ್ರಿಂಟ್ ಹಾಕಿಸಲು ಗಂಗಾವತಿ ಬಸ್ ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಪೆನ್‌ಡ್ರೈವ್ ತೆರೆದು ನನ್ನ ಮುಖ ನೋಡಿದ. ಒಳಗೆ ಬರೀ ಜಾನಪದ ಹಾಡು. ಅಷ್ಟರಲ್ಲಿ ಕಾರಟಗಿ ಕಡೆ ಗದ್ದೆಗೆ ಟ್ರ್ಯಾಕ್ಟರ್ ಹೊಡೆದುಕೊಂಡು ಹೋಗಿದ್ದ ಅಣ್ಣನ ಫೋನ್ ಬಂತು. "ಇದ್ರಾಗ ಒಂದ್ ಹಾಡೂ ಇಲ್ಲಲ್ಲೋ ತಮ್ಮಾ, ಏನ್ ಕೊಟ್ಟು ಕಳ್ಸಿಯೋ?" ಮನೆಯ ಪಹಣಿ, ಆಧಾರ್, ಅಂಕಪಟ್ಟಿ ಎಲ್ಲ ಟ್ರ್ಯಾಕ್ಟರ್‌ನಲ್ಲಿ ಕೂತು ಗದ್ದೆ ಸುತ್ತುತ್ತಿದ್ದವು.

ಆ ರಾತ್ರಿಯೇ ನಾಲ್ಕಕ್ಕೂ ಹೆಸರಿಟ್ಟೆ. ಕೆಲಸ ಎರಡು ನಿಮಿಷದ್ದು. ಆದರೆ ಮೊದಲ ಸಲ ಮಾಡುವಾಗ ಅರ್ಧ ಗಂಟೆ ತಡಕಾಡಿದೆ. ಕಾರಣ, ಲಿನಕ್ಸ್‌ನಲ್ಲಿ ಫೈಲ್‌ನ ಹೆಸರು ಬದಲಿಸುವ ಹಾಗೆ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿದರೆ "ರಿನೇಮ್" ಸಿಗುವುದಿಲ್ಲ. ಸಿಕ್ಕರೆ ಫಾರ್ಮ್ಯಾಟ್ ಸಿಗುತ್ತದೆ, ಅದರೊಳಗೆ ಹೆಸರು ಕೇಳುವ ಒಂದು ಖಾನೆಯೂ ಇರುತ್ತದೆ. ಎಷ್ಟೋ ಜನ ಅಲ್ಲೇ ಹೆಸರು ಬರೆದು ಮುಂದೆ ಒತ್ತಿ, ಇದ್ದದ್ದೆಲ್ಲ ಕಳೆದುಕೊಳ್ಳುತ್ತಾರೆ. ಹೆಸರು ಬದಲಿಸಲು ಫಾರ್ಮ್ಯಾಟ್ ಬೇಕಾಗಿಯೇ ಇಲ್ಲ. ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನಲ್ಲಿರುವ "ಯುಎಸ್‌ಬಿ ಸ್ಟಿಕ್ ಫಾರ್ಮ್ಯಾಟರ್" ಕೂಡ ಹೆಸರು ಕೇಳುತ್ತದೆ, ಅದೂ ಎಲ್ಲ ಅಳಿಸಿಯೇ ಹೆಸರಿಡುವುದು.

ಹೆಸರು ಇರುವುದು ಎಲ್ಲಿ?

ಈ ಹೆಸರಿಗೆ ಲೇಬಲ್ ಅನ್ನುತ್ತಾರೆ. ಅದು ಇರುವುದು ಪೆನ್‌ಡ್ರೈವ್‌ನ ಒಳಗೆ, ಫೈಲ್ ಸಿಸ್ಟಂನ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆಯ, ಒಂದು ಭಾಗವಾಗಿ. ಕಂಪ್ಯೂಟರ್‌ನಲ್ಲಿ ಅಲ್ಲ. ಅದಕ್ಕೇ ಒಮ್ಮೆ ಇಟ್ಟರೆ ಝೆರಾಕ್ಸ್ ಅಂಗಡಿಯ ವಿಂಡೋಸ್‌ನಲ್ಲೂ ಅದೇ ಹೆಸರು ಕಾಣುತ್ತದೆ.

ನಮ್ಮ ಸೀಮೆಯವರಿಗೆ ಇದನ್ನು ಹೇಳಲು ಮಸ್ಕಿ ಸಾಕು. ಅಶೋಕನ ಶಾಸನಗಳು ಊರೂರಲ್ಲಿ ಸಿಕ್ಕಿದ್ದವು, ಆದರೆ ಅವುಗಳಲ್ಲಿ ಇದ್ದದ್ದು "ದೇವಾನಾಂಪ್ರಿಯ", "ಪ್ರಿಯದರ್ಶಿ" ಅನ್ನುವ ಬಿರುದು ಮಾತ್ರ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ ಅಶೋಕ ಅನ್ನುವ ಹೆಸರೇ ಸಿಕ್ಕಿತು. "32 ಜಿಬಿ ವಾಲ್ಯೂಮ್" ಅನ್ನುವುದು ಬಿರುದು ಇದ್ದ ಹಾಗೆ, ಯಾರಿಗೆ ಬೇಕಾದರೂ ಹೊಂದುತ್ತದೆ. ಲೇಬಲ್ ಅಂದರೆ ಬಂಡೆಯ ಮೇಲೇ ಕೆತ್ತಿದ ಹೆಸರು.

ಒಂದು ಮೋಸ ಇಲ್ಲೇ ಹೇಳಿಬಿಡುತ್ತೇನೆ. ಕೆಡಿಇ (ಲಿನಕ್ಸ್‌ನ ಒಂದು ಬಗೆಯ ಡೆಸ್ಕ್‌ಟಾಪ್) ಇರುವ ಕಂಪ್ಯೂಟರ್‌ನಲ್ಲಿ ಡಾಲ್ಫಿನ್ ಫೈಲ್ ಮ್ಯಾನೇಜರ್‌ನ ಎಡಪಟ್ಟಿಯಲ್ಲಿ ಜಾಗಗಳ ಹೆಸರನ್ನು ತಿದ್ದಬಹುದು. ಬೇರೆ ಫೈಲ್ ಮ್ಯಾನೇಜರ್‌ಗಳ ಬುಕ್‌ಮಾರ್ಕ್ ಹೆಸರೂ ಹೀಗೇ. ಅಲ್ಲಿ ತಿದ್ದಿದ್ದು ನಿಮ್ಮ ಕಂಪ್ಯೂಟರ್‌ನ ಪಟ್ಟಿಯಲ್ಲಿ ಮಾತ್ರ ಬದಲಾಗುತ್ತದೆ. ಪೆನ್‌ಡ್ರೈವ್‌ಗೆ ಅದರ ಸುದ್ದಿಯೇ ಇರುವುದಿಲ್ಲ.

ಸುಲಭದ ದಾರಿ: ಡಿಸ್ಕ್ಸ್

ಉಬುಂಟು, ಫೆಡೋರಾ, ಮಿಂಟ್ ಇವುಗಳಲ್ಲಿ "ಡಿಸ್ಕ್ಸ್" ಅನ್ನುವ ಆಪ್ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಮೆನುವಿನಲ್ಲಿ ಹೆಸರು ಹುಡುಕಿ ತೆರೆಯಿರಿ. ಅದಕ್ಕೂ ಮುಂಚೆ ಒಂದು ಕೆಲಸ: ಹೆಸರಿಡಬೇಕಾದ ಪೆನ್‌ಡ್ರೈವ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಬಿಡಿ. ಎರಡು ಒಟ್ಟಿಗೆ ಇದ್ದರೆ ಗೊಂದಲ ಗ್ಯಾರಂಟಿ.

ಎಡಗಡೆ ಡಿಸ್ಕ್‌ಗಳ ಪಟ್ಟಿ ಕಾಣುತ್ತದೆ. ನಿಮ್ಮ ಕಂಪ್ಯೂಟರ್‌ನ ಒಳಗಿನ ಡಿಸ್ಕ್ 256 ಜಿಬಿಯೋ 500 ಜಿಬಿಯೋ ಇರುತ್ತದೆ. ಅದನ್ನು ಮುಟ್ಟಬೇಡಿ. 32 ಜಿಬಿ ಅಂತ ಇರುವುದನ್ನು ಒತ್ತಿ. ಬಲಗಡೆ ಒಂದು ಉದ್ದ ಪಟ್ಟಿ ಬರುತ್ತದೆ, ಅದು ಪೆನ್‌ಡ್ರೈವ್‌ನ ಒಳಗಿನ ಪಾರ್ಟಿಷನ್, ಅಂದರೆ ವಿಭಾಗ. ಅದರ ಮೇಲೆ ಒಮ್ಮೆ ಒತ್ತಿ, ಕೆಳಗೆ "ಕಂಟೆಂಟ್ಸ್" ಅನ್ನುವ ಸಾಲನ್ನು ಓದಿ. ಅಲ್ಲಿ ಫ್ಯಾಟ್, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4 ಇವುಗಳಲ್ಲಿ ಒಂದು ಇರುತ್ತದೆ. ಇದು ಫೈಲ್ ಸಿಸ್ಟಂನ ಜಾತಿ. ಹೆಸರು ಎಷ್ಟು ಉದ್ದ ಇರಬಹುದು, ಕನ್ನಡದಲ್ಲಿ ಇರಬಹುದಾ ಅನ್ನುವುದೆಲ್ಲ ಇದರ ಮೇಲೆ ನಿಂತಿದೆ. ನೆನಪಿಟ್ಟುಕೊಳ್ಳಿ.

ಈಗ ಪಟ್ಟಿಯ ಕೆಳಗಿರುವ ಚೌಕದ ಗುಂಡಿ ಒತ್ತಿ. ಅದು ಪೆನ್‌ಡ್ರೈವ್ ಅನ್ನು ಅನ್‌ಮೌಂಟ್ ಮಾಡುತ್ತದೆ. ಅಂದರೆ ಪೆನ್‌ಡ್ರೈವ್ ಚುಚ್ಚಿಯೇ ಇರುತ್ತದೆ, ಆದರೆ ಫೈಲ್‌ಗಳ ಬಾಗಿಲು ಮುಚ್ಚುತ್ತದೆ. ಚೌಕ ಹೋಗಿ ತ್ರಿಕೋನ ಬಂದರೆ ಕೆಲಸ ಆಯಿತು.

ಪಕ್ಕದಲ್ಲಿ ಹಲ್ಲಿನ ಚಕ್ರದ ಗುಂಡಿ ಇದೆ. ಒತ್ತಿದರೆ ಉದ್ದದ ಮೆನು. ಇಲ್ಲಿ ಅವಸರ ಮಾಡಬೇಡಿ. ಮೊದಲ ಸಾಲೇ "ಫಾರ್ಮ್ಯಾಟ್ ಪಾರ್ಟಿಷನ್". ಅದು ಬೇಡ. ಆಮೇಲೆ "ಎಡಿಟ್ ಪಾರ್ಟಿಷನ್" ಬರುತ್ತದೆ. ಅದೂ ಬೇಡ, ಅದು ಪಾರ್ಟಿಷನ್‌ನ ಬಗೆ ಬದಲಿಸುವಂಥದ್ದು. ನಿಮಗೆ ಬೇಕಾದದ್ದು "ಎಡಿಟ್ ಫೈಲ್‌ಸಿಸ್ಟಂ". ಅದನ್ನು ಒತ್ತಿದರೆ ಪುಟ್ಟ ಕಿಟಕಿಯಲ್ಲಿ ಹೆಸರಿಗೆ ಒಂದೇ ಖಾನೆ ಇರುತ್ತದೆ. ಹೆಸರು ಬರೆದು "ಚೇಂಜ್" ಒತ್ತಿ. ಪಾಸ್‌ವರ್ಡ್ ಕೇಳಿದರೆ ಕೊಡಿ.

ಕೊನೆಗೆ ತ್ರಿಕೋನ ಒತ್ತಿ ಮತ್ತೆ ಮೌಂಟ್ ಮಾಡಿ, ಇಲ್ಲವೇ ಪೆನ್‌ಡ್ರೈವ್ ತೆಗೆದು ಹಾಕಿ. ಹೊಸ ಹೆಸರು ಕಾಣುತ್ತದೆ. ಫೈಲ್‌ಗಳೆಲ್ಲ ಇದ್ದ ಹಾಗೇ ಇರುತ್ತವೆ.

ಜಿಪಾರ್ಟೆಡ್ ಅನ್ನುವ ಇನ್ನೊಂದು ಆಪ್ ಬಳಸುವವರು ಪಾರ್ಟಿಷನ್ ಆರಿಸಿ, ಅನ್‌ಮೌಂಟ್ ಮಾಡಿ, ಪಾರ್ಟಿಷನ್ ಮೆನುವಿನಲ್ಲಿ "ಲೇಬಲ್ ಫೈಲ್ ಸಿಸ್ಟಂ" ಒತ್ತಬೇಕು. ಅದರಲ್ಲಿ ಹೆಸರು ಬರೆದ ತಕ್ಷಣ ಏನೂ ಆಗುವುದಿಲ್ಲ. ಮೇಲಿರುವ ಹಸಿರು ಟಿಕ್ ಒತ್ತಿದಾಗಲೇ ಬದಲಾವಣೆ ನಿಜವಾಗುತ್ತದೆ. ಕೆಡಿಇಯವರಿಗೆ ಪಾರ್ಟಿಷನ್ ಮ್ಯಾನೇಜರ್‌ನ "ಪ್ರಾಪರ್ಟೀಸ್" ಒಳಗೆ ಇದೇ ಖಾನೆ ಸಿಗುತ್ತದೆ, ಅಲ್ಲೂ ಕೊನೆಗೆ "ಅಪ್ಲೈ" ಒತ್ತಬೇಕು.

ಎಷ್ಟು ಅಕ್ಷರ? ಕನ್ನಡ ನಡೆಯುತ್ತದಾ?

ನಾನು ಜಾಸ್ತಿ ಒದ್ದಾಡಿದ್ದು ಇಲ್ಲೇ. ಮೊದಲ ಪೆನ್‌ಡ್ರೈವ್‌ಗೆ ಕನ್ನಡದಲ್ಲಿ "ಮನೆ ಕಾಗದ" ಅಂತ ಬರೆದೆ. ಎರರ್ ಬಂತು. ಮತ್ತೆ ಬರೆದೆ, ಮತ್ತೆ ಎರರ್. ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದು ಫ್ಯಾಟ್32.

ಅಂಗಡಿಯಲ್ಲಿ ಸಿಗುವ 32 ಜಿಬಿವರೆಗಿನ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಆಗಿರುತ್ತವೆ. ಇದರಲ್ಲಿ ಲೇಬಲ್‌ಗೆ 11 ಅಕ್ಷರ ಮಾತ್ರ. ಈ 11 ಎಲ್ಲಿಂದ ಬಂತು? ಹಳೆಯ ಡಾಸ್ ಕಾಲದಲ್ಲಿ ಫೈಲ್ ಹೆಸರಿಗೆ 8 ಅಕ್ಷರ, ಚುಕ್ಕಿಯ ನಂತರ 3 ಅಕ್ಷರ ಇರುತ್ತಿತ್ತು. ಲೇಬಲ್ ಅನ್ನೂ ಒಂದು ಫೈಲ್ ಹೆಸರಿನ ಜಾಗದಲ್ಲೇ ಕೂರಿಸಿದರು. 8 ಕೂಡಿಸು 3, ಒಟ್ಟು 11. ಆ ಕಾಲದ ಅಳತೆ ಇವತ್ತಿಗೂ ನಡೆದಿದೆ.

ಫ್ಯಾಟ್32ನಲ್ಲಿ ಕನ್ನಡ ಲಿಪಿ ನಡೆಯುವುದಿಲ್ಲ. ಇಂಗ್ಲಿಷ್ ದೊಡ್ಡಕ್ಷರ ಬಳಸಿ. ಸಣ್ಣಕ್ಷರ ಬರೆದರೆ ಕೆಲವು ಸಾಧನಗಳು ತಕರಾರು ಮಾಡುತ್ತವೆ. ಚುಕ್ಕಿ, ಅಲ್ಪವಿರಾಮ, ಪ್ರಶ್ನೆ ಚಿಹ್ನೆ, ನಕ್ಷತ್ರ, ಓರೆಗೆರೆ, ಕೂಡಿಸು ಚಿಹ್ನೆ ಇವೆಲ್ಲ ಬೇಡ. ನಡುವೆ ಖಾಲಿ ಜಾಗ ಬಿಡಬಹುದು, ಆದರೆ ಅದೂ ಒಂದು ಅಕ್ಷರ ಅಂತಲೇ ಲೆಕ್ಕ. ನನ್ನ "ಮನೆ ಕಾಗದ" ಇಂಗ್ಲಿಷ್‌ನಲ್ಲಿ ಎಂ-ಎ-ಎನ್-ಇ, ಖಾಲಿ ಜಾಗ, ಕೆ-ಎ-ಜಿ-ಎ-ಡಿ-ಎ ಆಯಿತು. ಎಣಿಸಿದರೆ ಸರಿಯಾಗಿ 11. ಒಂದು ದೀರ್ಘ ಸೇರಿಸಿದ್ದರೂ ಹಿಡಿಸುತ್ತಿರಲಿಲ್ಲ.

64 ಜಿಬಿ ಮತ್ತು ಅದಕ್ಕೂ ದೊಡ್ಡವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಇಲ್ಲೂ ಮಿತಿ 11, ಆದರೆ ಎಲ್ಲ ಭಾಷೆಗಳ ಲಿಪಿಗೂ ಹೊಂದುವ ಯೂನಿಕೋಡ್ ಇರುವುದರಿಂದ ಕನ್ನಡ ನಡೆಯುತ್ತದೆ. ಹಿಗ್ಗುವ ಮೊದಲು ಒಂದು ವಿಷಯ ಗೊತ್ತಿರಲಿ. ಕನ್ನಡದಲ್ಲಿ ಕಣ್ಣಿಗೆ ಕಾಣುವ ಅಕ್ಷರ ಬೇರೆ, ಕಂಪ್ಯೂಟರ್ ಎಣಿಸುವ ಅಕ್ಷರ ಬೇರೆ. ವ್ಯಂಜನ ಒಂದು, ಸ್ವರದ ಚಿಹ್ನೆ ಒಂದು, ಒತ್ತು ತರುವ ಹಲಂತ ಇನ್ನೊಂದು. "ಟ್ರ್ಯಾಕ್ಟರ್" ಅನ್ನುವ ಪದ ಕಣ್ಣಿಗೆ ಮೂರೇ ಅಕ್ಷರ. ಬಿಡಿಸಿ ಎಣಿಸಿ: ಟ, ಹಲಂತ, ರ, ಹಲಂತ, ಯ, ದೀರ್ಘ, ಕ, ಹಲಂತ, ಟ, ರ, ಹಲಂತ. ಹನ್ನೊಂದು! ಅಂಚಿಗೆ ಬಂದು ನಿಂತಿತು. "ಹಾಡು" ಅಂದರೆ ನಾಲ್ಕು, ಆರಾಮ.

ಇಎಕ್ಸ್‌ಟಿ4 ಇನ್ನೂ ಜಿಪುಣ. ಅದು ಬರೀ ಲಿನಕ್ಸ್ ಬಳಸುವವರ ಪೆನ್‌ಡ್ರೈವ್‌ಗಳಲ್ಲಿ ಸಿಗುತ್ತದೆ. ಮಿತಿ 16 ಬೈಟ್. ಇಂಗ್ಲಿಷ್ ಅಕ್ಷರ ಒಂದಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೂ ಮೂರು. ಹಾಗಾಗಿ ಕನ್ನಡದಲ್ಲಿ ಐದು ಚಿಹ್ನೆಗೆ ಜಾಗ ಮುಗಿಯಿತು. "ಹಂಪಿ"ಗೆ 12 ಬೈಟ್, ಕೂರುತ್ತದೆ. "ಕೊಪ್ಪಳ"ಕ್ಕೆ 18 ಬೈಟ್, ಕೂರುವುದಿಲ್ಲ. ಬಳ್ಳಾರಿ, ರಾಯಚೂರಿನವರದ್ದೂ ಇದೇ ಕಥೆ, ಎರಡಕ್ಕೂ 21 ಬೈಟ್ ಬೇಕು. ಎನ್‌ಟಿಎಫ್‌ಎಸ್ ಮಾತ್ರ ಧಾರಾಳಿ: 32 ಅಕ್ಷರ, ಕನ್ನಡವೂ ಸೈ.

ಕನ್ನಡದಲ್ಲಿ ಹೆಸರು ಬೇಕು ಅಂತ ಫ್ಯಾಟ್32 ಬಿಟ್ಟು ಎಕ್ಸ್‌ಫ್ಯಾಟ್‌ಗೆ ಹೋಗಬೇಕಾ? ನನ್ನ ಮಾತು ಕೇಳಿದರೆ, ಟ್ರ್ಯಾಕ್ಟರ್, ಕಾರು, ಹಳೆಯ ಟಿವಿಗೆ ಹಾಕುವ ಪೆನ್‌ಡ್ರೈವ್ ಫ್ಯಾಟ್32ನಲ್ಲೇ ಇರಲಿ. ಅಂಥ ಎಷ್ಟೋ ಪ್ಲೇಯರ್‌ಗಳು ಬೇರೆಯದನ್ನು ಓದುವುದೇ ಇಲ್ಲ. ಜಾತಿ ಬದಲಿಸಲು ಹೇಗೂ ಫಾರ್ಮ್ಯಾಟ್ ಮಾಡಲೇಬೇಕು, ಅಷ್ಟು ದೊಡ್ಡ ಕೆಲಸ ಬರೀ ಹೆಸರಿಗಾಗಿ ಬೇಡ. 4 ಜಿಬಿಗಿಂತ ದೊಡ್ಡ ಒಂದೇ ಫೈಲ್, ಉದಾಹರಣೆಗೆ ಮದುವೆ ವಿಡಿಯೋ, ಇಡಬೇಕಿದ್ದರೆ ಮಾತ್ರ ಫ್ಯಾಟ್32 ಸಾಲದು. ಆಗ ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ, ಕನ್ನಡದ ಹೆಸರು ಪುಕ್ಕಟೆ ಬರುತ್ತದೆ.

ಟರ್ಮಿನಲ್‌ನಲ್ಲಿ ಮಾಡುವವರಿಗೆ

ಡಿಸ್ಕ್ಸ್ ಇಲ್ಲದ ಹಳೆ ಕಂಪ್ಯೂಟರ್‌ಗಳಲ್ಲಿ, ಇಲ್ಲವೇ ಒಟ್ಟಿಗೆ ಹತ್ತಾರು ಪೆನ್‌ಡ್ರೈವ್‌ಗೆ ಹೆಸರಿಡಬೇಕಾದಾಗ ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ಬೇಗ ಆಗುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯ ಹಾಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿರಲಿ, ಹೆಸರು ಮಾತ್ರ ದೊಡ್ಡಕ್ಷರದಲ್ಲಿ.

ಮೊದಲು ಪೆನ್‌ಡ್ರೈವ್ ಯಾವುದು ಅಂತ ಗುರುತಿಸಬೇಕು:

ಎಲ್‌ಎಸ್‌ಬಿಎಲ್‌ಕೆ -ಎಫ್

ಇದನ್ನು ಪೆನ್‌ಡ್ರೈವ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಓಡಿಸಿ. ಎರಡನೇ ಸಲ ಹೊಸದಾಗಿ ಬಂದ ಸಾಲೇ ನಿಮ್ಮ ಪೆನ್‌ಡ್ರೈವ್. ಬಹಳ ಕಡೆ ಅದು ಎಸ್‌ಡಿಬಿ ಆಗಿರುತ್ತದೆ, ಅದರ ಕೆಳಗೆ ಎಸ್‌ಡಿಬಿ1. ಕಂಪ್ಯೂಟರ್‌ನ ಒಳಗಿನ ಡಿಸ್ಕ್ ಎನ್‌ವಿಎಂಇ (ಹೊಸ ಬಗೆಯ ವೇಗದ ಡಿಸ್ಕ್) ಆಗಿದ್ದರೆ ಪೆನ್‌ಡ್ರೈವ್ ಎಸ್‌ಡಿಎ ಕೂಡ ಆಗಬಹುದು. ಊಹೆ ಮಾಡಬೇಡಿ, ನೋಡಿಯೇ ಬರೆಯಿರಿ. ಇದೇ ಪಟ್ಟಿಯಲ್ಲಿ ಫೈಲ್ ಸಿಸ್ಟಂ, ಈಗಿನ ಲೇಬಲ್ ಎರಡೂ ಇರುತ್ತವೆ. ಫ್ಯಾಟ್32 ಇಲ್ಲಿ "ವಿಫ್ಯಾಟ್" ಅನ್ನುವ ವೇಷದಲ್ಲಿರುತ್ತದೆ.

ಎಚ್ಚರ: ಕಂಪ್ಯೂಟರ್‌ನ ಒಳಗಿನ ಡಿಸ್ಕ್‌ನಲ್ಲೂ ಒಂದು ಪುಟ್ಟ ವಿಫ್ಯಾಟ್ ಪಾರ್ಟಿಷನ್ ಇರಬಹುದು. ಕಂಪ್ಯೂಟರ್ ಶುರುವಾಗುವುದು ಅದರಿಂದಲೇ. ವಿಫ್ಯಾಟ್ ಕಂಡ ತಕ್ಷಣ ಪೆನ್‌ಡ್ರೈವ್ ಅಂದುಕೊಳ್ಳಬೇಡಿ. ಗಾತ್ರ ನೋಡಲು -ಎಫ್ ಬಿಟ್ಟು ಬರೀ ಎಲ್‌ಎಸ್‌ಬಿಎಲ್‌ಕೆ ಓಡಿಸಿ. 32 ಜಿಬಿಯದು ಅಲ್ಲಿ 29 ಆಸುಪಾಸು ತೋರಿಸುತ್ತದೆ. ಅಂಗಡಿಯವ ಮೋಸ ಮಾಡಿಲ್ಲ. ಕಂಪನಿ 1000ದ ಲೆಕ್ಕ ಹಿಡಿಯುತ್ತದೆ, ಈ ಕಮಾಂಡ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ.

ಇನ್ನು ಅನ್‌ಮೌಂಟ್:

ಸುಡೊ ಯುಮೌಂಟ್ /ಡೆವ್/ಎಸ್‌ಡಿಬಿ1

ಇಲ್ಲಿ ಮೊದಲ ಯು ಅಕ್ಷರದ ಪಕ್ಕ ಎನ್ ಇಲ್ಲ, ನೇರವಾಗಿ ಎಂ ಬರುತ್ತದೆ. ಎಲ್ಲರೂ ಒಮ್ಮೆಯಾದರೂ ಎಡವುವ ಕಲ್ಲು ಇದು. ಪಾಸ್‌ವರ್ಡ್ ಟೈಪ್ ಮಾಡುವಾಗ ತೆರೆಯ ಮೇಲೆ ಏನೂ ಕಾಣದಿದ್ದರೆ ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ.

"ಟಾರ್ಗೆಟ್ ಈಸ್ ಬ್ಯುಸಿ" ಅಂತ ಬಂದರೆ ಪೆನ್‌ಡ್ರೈವ್‌ನ ಯಾವುದೋ ಫೈಲ್ ಎಲ್ಲೋ ತೆರೆದೇ ಇದೆ. ಹಾಡು ಓಡುತ್ತಿರಬಹುದು, ಪಿಡಿಎಫ್ ತೆರೆದಿರಬಹುದು, ಟರ್ಮಿನಲ್ಲೇ ಆ ಫೋಲ್ಡರ್ ಒಳಗೆ ನಿಂತಿರಬಹುದು. ಮುಚ್ಚಿ ಮತ್ತೆ ಓಡಿಸಿ.

ಫ್ಯಾಟ್32 ಆದರೆ:

ಸುಡೊ ಫ್ಯಾಟ್‌ಲೇಬಲ್ /ಡೆವ್/ಎಸ್‌ಡಿಬಿ1 ಟ್ರ್ಯಾಕ್ಟರ್

ಟ್ರ್ಯಾಕ್ಟರ್ ಅನ್ನುವ ಜಾಗದಲ್ಲಿ ನಿಮ್ಮ ಹೆಸರು, ಇಂಗ್ಲಿಷ್ ದೊಡ್ಡಕ್ಷರದಲ್ಲಿ. ನಡುವೆ ಖಾಲಿ ಜಾಗ ಇದ್ದರೆ ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ ಹಾಕಿ. ಈ ಕಮಾಂಡ್ "ಡಾಸ್‌ಎಫ್‌ಎಸ್‌ಟೂಲ್ಸ್" ಅನ್ನುವ ಪ್ಯಾಕೇಜ್‌ನಲ್ಲಿದೆ. ಇಲ್ಲದಿದ್ದರೆ ಅದನ್ನು ಇನ್‌ಸ್ಟಾಲ್ ಮಾಡಿಕೊಳ್ಳಿ.

ಉಳಿದವುಗಳಿಗೂ ವಾಕ್ಯ ಇದೇ, ಮೊದಲ ಪದ ಮಾತ್ರ ಬೇರೆ. ಎಕ್ಸ್‌ಫ್ಯಾಟ್‌ಗೆ ಎಕ್ಸ್‌ಫ್ಯಾಟ್‌ಲೇಬಲ್, ಅದರ ಪ್ಯಾಕೇಜ್ "ಎಕ್ಸ್‌ಫ್ಯಾಟ್‌ಪ್ರೋಗ್ಸ್". ಎನ್‌ಟಿಎಫ್‌ಎಸ್‌ಗೆ ಎನ್‌ಟಿಎಫ್‌ಎಸ್‌ಲೇಬಲ್. ಇಎಕ್ಸ್‌ಟಿ4ಗೆ ಇ2ಲೇಬಲ್. ಎಸ್‌ಡಿಬಿ ಅಂತ ನಿಲ್ಲಿಸಬೇಡಿ, ಕೊನೆಯ 1 ಇರಲೇಬೇಕು. ಕೆಲವು ಪೆನ್‌ಡ್ರೈವ್‌ನಲ್ಲಿ ಪಾರ್ಟಿಷನ್ನೇ ಇರುವುದಿಲ್ಲ. ಪಟ್ಟಿಯಲ್ಲಿ ಎಸ್‌ಡಿಬಿ ಎದುರೇ ಫೈಲ್ ಸಿಸ್ಟಂ ಬರೆದಿದ್ದರೆ ಮಾತ್ರ 1 ಬೇಡ.

ಪೆನ್‌ಡ್ರೈವ್ ತೆಗೆದು ಹಾಕಿ, ಮತ್ತೆ ಎಲ್‌ಎಸ್‌ಬಿಎಲ್‌ಕೆ -ಎಫ್ ಓಡಿಸಿ. ಲೇಬಲ್ ಕಾಲಂನಲ್ಲಿ ಹೊಸ ಹೆಸರು ಬಂದಿರಬೇಕು.

ಹೆಸರು ಬದಲಾಯಿತು, ಆದರೆ...

ಲಿನಕ್ಸ್ ಪೆನ್‌ಡ್ರೈವ್ ಅನ್ನು ಅದರ ಹೆಸರಿನ ಫೋಲ್ಡರ್‌ನಲ್ಲೇ ತೆರೆಯುತ್ತದೆ. ಉಬುಂಟುವಿನಲ್ಲಿ ಆ ಫೋಲ್ಡರ್ ಮೀಡಿಯಾ ಅನ್ನುವುದರ ಒಳಗೆ, ಫೆಡೋರಾದಲ್ಲಿ ರನ್ ಒಳಗಿನ ಮೀಡಿಯಾದಲ್ಲಿ. ಹೆಸರು ಬದಲಾದರೆ ಈ ದಾರಿಯೂ ಬದಲಾಯಿತು. ಹಳೆಯ ವಿಎಲ್‌ಸಿ ಪ್ಲೇಲಿಸ್ಟ್, ಲಿಬ್ರೆಆಫೀಸ್‌ನ ಇತ್ತೀಚಿನ ಫೈಲ್‌ಗಳು, ಡೆಸ್ಕ್‌ಟಾಪ್ ಶಾರ್ಟ್‌ಕಟ್ ಇವು "ಫೈಲ್ ಸಿಗುತ್ತಿಲ್ಲ" ಅನ್ನಬಹುದು. ಫೈಲ್ ಎಲ್ಲೂ ಹೋಗಿಲ್ಲ, ವಿಳಾಸ ಬದಲಾಗಿದೆ. ಪೆನ್‌ಡ್ರೈವ್‌ಗೆ ಬ್ಯಾಕಪ್ ಹೋಗುವ ಹಾಗೆ ಸೆಟ್ ಮಾಡಿದ್ದರೆ ಅಲ್ಲಿಯೂ ಒಮ್ಮೆ ಹೊಸ ಹೆಸರು ತೋರಿಸಿ.

ಎರಡಕ್ಕೆ ಒಂದೇ ಹೆಸರಿಟ್ಟರೆ? ಎರಡನ್ನೂ ಒಟ್ಟಿಗೆ ಹಾಕಿದಾಗ ಎರಡನೆಯದರ ಫೋಲ್ಡರ್‌ಗೆ ಕೊನೆಯಲ್ಲಿ 1 ಸೇರಿಕೊಳ್ಳುತ್ತದೆ. ಕೆಡುಕೇನೂ ಇಲ್ಲ, ಆದರೆ ಹೆಸರಿಟ್ಟ ಉದ್ದೇಶವೇ ಹಾಳು.

ಲಿನಕ್ಸ್‌ನಲ್ಲಿ ಹೊಸ ಹೆಸರು, ಬೇರೆ ಕಡೆ ಹಳೆಯದೇ ಕಾಣುತ್ತದಾ? ಫ್ಯಾಟ್32 ಲೇಬಲ್ ಅನ್ನು ಎರಡು ಕಡೆ ಬರೆದಿಡುತ್ತದೆ, ಆರಂಭದ ಬೂಟ್ ಸೆಕ್ಟರ್‌ನಲ್ಲಿ ಒಂದು, ಮೂಲ ಫೋಲ್ಡರ್‌ನ ಪಟ್ಟಿಯಲ್ಲಿ ಇನ್ನೊಂದು. ವಿಂಡೋಸ್ ಎರಡನೆಯದನ್ನು ನೋಡುತ್ತದೆ. ತೀರಾ ಹಳೆಯ ಲಿನಕ್ಸ್‌ನಲ್ಲಿ ಇವೆರಡು ಹೊಂದದೆ ಉಳಿಯುವುದುಂಟು. ಹೊಸ ಡಾಸ್‌ಎಫ್‌ಎಸ್‌ಟೂಲ್ಸ್ ಇರುವ ಕಂಪ್ಯೂಟರ್‌ನಲ್ಲಿ ಇನ್ನೊಮ್ಮೆ ಹೆಸರಿಟ್ಟರೆ ಸರಿಹೋಗುತ್ತದೆ.

"ರೀಡ್ ಓನ್ಲಿ" ಅಂತ ತಡೆದರೆ, ಮೊದಲು ಎಸ್‌ಡಿ ಕಾರ್ಡ್ ಆಗಿದ್ದರೆ ಅದರ ಬದಿಯ ಪುಟ್ಟ ಲಾಕ್ ನೋಡಿ. ಇಲ್ಲವಾದರೆ ಇಜೆಕ್ಟ್ ಮಾಡದೆ ಕಿತ್ತಿದ್ದರಿಂದಲೋ, ಬರೆಯುವಾಗ ಕರೆಂಟ್ ಹೋಗಿದ್ದರಿಂದಲೋ ಫೈಲ್ ಸಿಸ್ಟಂ ಕದಡಿರಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಎರಡನೆಯದೇ ಜಾಸ್ತಿ ಅಲ್ವಾ. ಮುಖ್ಯ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿಕೊಂಡು, ಡಿಸ್ಕ್ಸ್‌ನ ಅದೇ ಹಲ್ಲಿನ ಚಕ್ರದ ಮೆನುವಿನಲ್ಲಿ "ರಿಪೇರ್ ಫೈಲ್‌ಸಿಸ್ಟಂ" ಒತ್ತಿ. ಆಮೇಲೆ ಹೆಸರಿಡಿ.

ಲಿನಕ್ಸ್ ಇನ್‌ಸ್ಟಾಲ್ ಮಾಡಲು ಬಳಸುವ ಬೂಟ್ ಪೆನ್‌ಡ್ರೈವ್‌ನ ಹೆಸರನ್ನು ಮಾತ್ರ ಮುಟ್ಟಬೇಡಿ. ಕೆಲವು ಲಿನಕ್ಸ್‌ಗಳು ಬೂಟ್ ಆಗುವಾಗ ಪೆನ್‌ಡ್ರೈವ್ ಅನ್ನು ಹುಡುಕುವುದೇ ಲೇಬಲ್‌ನಿಂದ. ಹೆಸರು ಬದಲಿಸಿದರೆ ತನ್ನನ್ನೇ ತಾನು ಹುಡುಕುತ್ತಾ ಕೂರುತ್ತದೆ. ಐಎಸ್‌ಒವನ್ನು (ಲಿನಕ್ಸ್ ಇನ್‌ಸ್ಟಾಲ್ ಮಾಡುವ ಫೈಲ್) ನೇರವಾಗಿ ಬರೆದದ್ದಾದರೆ ಹೇಗೂ ಬದಲಿಸಲು ಬಿಡುವುದಿಲ್ಲ.

ನಮ್ಮ ನಾಲ್ಕಕ್ಕೂ ಈಗ ಹೆಸರಿದೆ. ಮನೆ ಕಾಗದ, ಫೋಟೊ, ಸ್ಕೂಲು, ಟ್ರ್ಯಾಕ್ಟರ್. ಅಣ್ಣನಿಗೆ ಕೊನೆಯದನ್ನು ಕೊಟ್ಟು, ಹೆಸರು ಹಾಕಿದ್ದೇನೆ ನೋಡು ಅಂದೆ. ಅವನು ಟ್ರ್ಯಾಕ್ಟರ್‌ನ ಪ್ಲೇಯರ್‌ಗೆ ಹಾಕಿ ನೋಡಿದ. ಅದರ ಪುಟ್ಟ ತೆರೆಯಲ್ಲಿ ಹಾಡಿನ ನಂಬರ್ ಬಿಟ್ಟರೆ ಏನೂ ಬರುವುದಿಲ್ಲ. "ಎಲ್ಲೈತಲೋ ಹೆಸರು?" ಅಂದ. ಮರುದಿನ ನೋಡಿದರೆ ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದ.